ಪಟ್ಟಿಯಲ್ಲಿ ಹೆಸರಿಲ್ಲದ ಬಡವರು

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಧರ್ಮಕೇಂದ್ರದ ಗುರುಗಳು ನೀಡಿದ ಉಪನ್ಯಾಸ)



ನಮ್ಮ ದೇವಾಲಯಕ್ಕೆ ನೂರು ವರ್ಷಗಳು ತುಂಬಿದ ಈ ಸಂದರ್ಭದಲ್ಲಿ ತಾವೆಲ್ಲರೂ ಉದಾರವಾಗಿ ನೀಡಿದ ಕಾಣಿಕೆಯಿಂದ ಬಡವರ ನಿಧಿಯೊಂದು ಸ್ಥಾಪಿತವಾಗಿದೆ. ಈ ನಿಧಿಯಿಂದ ಬರುವ ಬಡ್ಡಿಯನ್ನು ಯಾರಿಗೆ ಸಲ್ಲಿಸತಕ್ಕದ್ದು ಎಂಬ ಪ್ರಶ್ನೆಗೆ ಇನ್ನೂ ತೀರ್ಮಾನವಾಗಿಲ್ಲ. ಬಿ.ಪಿ.ಎಲ್. ಪಡಿತರ ಚೀಟಿ ಇರುವವರಿಗೆ ಕೊಟ್ಟರಾಯಿತು, ಯಾರೂ ಆಕ್ಷೇಪಿಸುವಂತಿಲ್ಲ ಎಂಬುದು ಹಲವರ ಅಭಿಪ್ರಾಯ. ಅಭಿಪ್ರಾಯದ ಹಿಂದಿರುವ ಉದ್ದೇಶ ಒಳ್ಳೆಯದೇ. ಆದರೂ ಅದನ್ನು ನಾನು ಒಪ್ಪಲಾರೆ. ಏಕೆ ಒಪ್ಪಲಾರೆನೆಂಬುದನ್ನು ವಿವರಿಸಲು ಸ್ವಲ್ಪ ದೂರದಿಂದ ಆರಂಭಿಸಬೇಕಾಗುತ್ತದೆ. ನಗರದ ಬಡವರನ್ನು ಎಣಿಸುವ ಕಾರ್ಯಕ್ಕೆ ಒಂದು ಚರಿತ್ರೆಯುಂಟು. ಅದನ್ನು ತಿಳಿಯದೆ ಪಟ್ಟಿಯನ್ನು ನಂಬುವುದು ಸರಿಯಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲಂಡನ್ ನಗರವು ಪ್ರಪಂಚದ ಅತಿ ಸಿರಿವಂತ ನಗರಗಳಲ್ಲಿ ಒಂದಾಗಿತ್ತು. ಅಲ್ಲಿ ಬಡವರೆಷ್ಟು ಮಂದಿ ಎಂಬ ಬಗ್ಗೆ ಬಿರುಸಾದ ವಾದಗಳಿದ್ದುವೇ ಹೊರತು ನಂಬತಕ್ಕ ಲೆಕ್ಕವಿರಲಿಲ್ಲ. ಲಿವರ್‌ಪೂಲಿನಲ್ಲಿ ಹುಟ್ಟಿ ಹಡಗಿನ ಉದ್ಯಮದಿಂದ ಶ್ರೀಮಂತರಾದ ಚಾರ್ಲ್ಸ್ ಬೂತ್ ಎಂಬವರು 1886ರಲ್ಲಿ ತಮ್ಮ ಸ್ವಂತ ಖರ್ಚಿನಿಂದ ಈ ಲೆಕ್ಕಕ್ಕೆ ಕೈಹಾಕಿದರು. ಅದು ಮುಗಿಯುವ ವೇಳೆಗೆ 1903 ಆಗಿತ್ತು, ಹದಿನೇಳು ಸಂಪುಟಗಳಾಗಿದ್ದುವು. ಅವರು ಅನುಸರಿಸಿದ ದಾರಿಯನ್ನು ಗಮನಿಸಿರಿ. ಮಕ್ಕಳು ಶಾಲೆಗೆ ಬರುತ್ತಿರುವರೇ ಇಲ್ಲವೇ ಎಂದು ಮನೆಮನೆಗೆ ಹೋಗಿ ವಿಚಾರಿಸುವ ಸ್ಕೂಲ್ ಬೋರ್ಡಿನ ನೌಕರರು ಅಲ್ಲಿದ್ದರು. ಯಾವ ಬೀದಿಯ ಯಾವ ಮನೆಯಲ್ಲಿ ತಂದೆಗೆ ಕೆಲಸವಿಲ್ಲ, ಯಾವ ಮನೆಯಲ್ಲಿ ತಾಯಿ ಹೊಲಿದು ಸಂಸಾರ ಸಾಗಿಸುತ್ತಾಳೆ ಎಂಬುದೆಲ್ಲ ಅವರಿಗೆ ಗೊತ್ತು. ಬೂತ್ ಅವರು ಈ ನೌಕರರನ್ನು ಕುಳ್ಳಿರಿಸಿಕೊಂಡು ಮನೆಮನೆಯ ಸ್ಥಿತಿಯನ್ನು ಕೇಳಿ ಬರೆಸಿದರು. ತಾವೇ ಹೋಗಿ ಪೂರ್ವ ಲಂಡನ್ನಿನ ಕೂಲಿಗಾರರ ಮನೆಗಳಲ್ಲಿ ಬಾಡಿಗೆ ಕೋಣೆ ಹಿಡಿದು ವಾರಗಟ್ಟಲೆ ವಾಸವಾಗಿದ್ದರು. ಅನಂತರ ನಗರದ ನಕ್ಷೆಯ ಮೇಲೆ ಪ್ರತಿಯೊಂದು ಬೀದಿಗೂ ಬಣ್ಣ ಹಚ್ಚಿಸಿದರು. ಸಿರಿವಂತರ ಬೀದಿಗೆ ಹಳದಿ, ಅನುಕೂಲಸ್ಥರಿಗೆ ಕೆಂಪು, ಬಡವರಿಗೆ ತಿಳಿನೀಲಿ, ಕಡುಬಡವರಿಗೆ ಗಾಢನೀಲಿ, ಎಲ್ಲರಿಗಿಂತ ಕೆಳಗಿನವರಿಗೆ ಕಪ್ಪು. ಲಂಡನ್ನಿನ ಜನರಲ್ಲಿ ನೂರಕ್ಕೆ 30.7 ಮಂದಿ ಬಡತನದಲ್ಲಿರುವರೆಂದು ಲೆಕ್ಕ ತೋರಿತು. ಕೆಂಪು ಬೀದಿಯ ಬೆನ್ನಿಗೇ ಗಾಢನೀಲಿ ಗಲ್ಲಿ ಅಂಟಿಕೊಂಡಿದ್ದುದನ್ನು ಆ ನಕ್ಷೆಯಲ್ಲಿ ಈಗಲೂ ಕಾಣಬಹುದು. ಕಪ್ಪು ಬಣ್ಣದ ಜನರನ್ನು ದುರ್ನಡತೆಯವರು, ಅರೆ ಅಪರಾಧಿಗಳು ಎಂದು ಬೂತ್ ಅವರು ವರ್ಣಿಸಿದ್ದು ಮಾತ್ರ ನನಗೆ ಸಮ್ಮತವಲ್ಲ. ಲೆಕ್ಕ ಬರೆಯುವವನ ಕೈಯಲ್ಲಿ ತೀರ್ಪು ಬರೆಯುವ ಲೇಖನಿಯೂ ಸೇರಿಕೊಳ್ಳುವುದು ಹೀಗೆಯೇ.

ಆದರೆ ಬಡತನದ ಕಾರಣಗಳನ್ನು ವಿಂಗಡಿಸಿದಾಗ ಅವರ ಲೆಕ್ಕವೇ ಅಂದಿನ ಗಣ್ಯರ ನಂಬಿಕೆಗೆ ವಿರುದ್ಧವಾಗಿ ಸಾಕ್ಷಿ ನುಡಿಯಿತು. ಬಡವರು ಕುಡಿತದಿಂದಲೂ ಸೋಮಾರಿತನದಿಂದಲೂ ಬಡವರಾಗಿದ್ದಾರೆ ಎಂದು ಅವರು ನಂಬಿದ್ದರು. ನಮ್ಮಲ್ಲಿಯೂ ಈ ಮಾತು ಆಗಾಗ ಕೇಳಿಬರುವುದುಂಟು. ಬಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೆಲಸವು ಅನಿಶ್ಚಿತವಾಗಿದ್ದುದರಿಂದಲೋ ಕೂಲಿ ಸಾಲದುದರಿಂದಲೋ ಬಡವರಾಗಿದ್ದರು. ಕುಡಿತ ಮತ್ತು ದುಂದುಗಾರಿಕೆಯ ಪಾಲು ಅದಕ್ಕಿಂತ ಬಹಳ ಕಡಿಮೆ. ಕುಡಿತದ ಕೇಡನ್ನು ನಾನು ಲಘುವಾಗಿ ಎಣಿಸುವವನಲ್ಲ. ಅದು ಎಷ್ಟು ಮನೆಗಳನ್ನು ತಿಂದಿದೆಯೆಂದು ಬಲ್ಲೆ. ಆದರೆ ಸಿರಿವಂತರ ಮನೆಯಲ್ಲಿಯೂ ಕುಡಿತವುಂಟು. ಅಲ್ಲಿ ಅದು ಒಲೆಯನ್ನು ಆರಿಸುವುದಿಲ್ಲ. ಬೂತ್ ಅವರು ಇನ್ನೂ ಗಣತಿಯ ಕೆಲಸದಲ್ಲಿದ್ದಾಗಲೇ, 1891ರಲ್ಲಿ, ಜಗದ್ಗುರು ಹದಿಮೂರನೆಯ ಲಿಯೋ ಅವರು ‘ರೇರುಮ್ ನೊವಾರುಮ್’ ಎಂಬ ವಿಶ್ವಪತ್ರದಲ್ಲಿ ಕೂಲಿಗಾರನಿಗೆ ಬದುಕಲು ಸಾಲುವಷ್ಟು ಕೂಲಿ ನ್ಯಾಯವಾಗಿ ಸಲ್ಲಬೇಕೆಂದು ಹೇಳಿದ್ದನ್ನು ಇಲ್ಲಿ ಸ್ಮರಿಸಬಹುದು.

ಬೂತ್ ಅವರ ಜಾಡಿನಲ್ಲಿ ಸೀಬೋಮ್ ರೌನ್‌ಟ್ರೀ ಎಂಬವರು 1899ರಲ್ಲಿ ಯಾರ್ಕ್ ಪಟ್ಟಣವನ್ನು ಶೋಧಿಸಿದರು. ಅವರು ಮಿಠಾಯಿ ಕಾರ್ಖಾನೆಯ ಮನೆತನದವರು. ಲಂಡನ್ ಬಿಡಿ, ಯಾರ್ಕ್ ಸಾಧಾರಣ ಪಟ್ಟಣ. ಅಲ್ಲಿ ಅಷ್ಟು ಬಡತನ ಎಲ್ಲಿಂದ ಬಂದೀತು ಎಂದು ಜನ ಭಾವಿಸಿದ್ದರು. 11,560 ಸಂಸಾರಗಳನ್ನು ವಿಚಾರಿಸಿದಾಗ ಪಟ್ಟಣದ ಜನರಲ್ಲಿ ನೂರಕ್ಕೆ 27.84 ಮಂದಿ ಬಡವರೆಂದು ಗೊತ್ತಾಯಿತು. ದೇಹವು ದುಡಿಯುವ ಶಕ್ತಿಯನ್ನು ಉಳಿಸಿಕೊಳ್ಳಲು ಬೇಕಾದಷ್ಟು ಆದಾಯವೂ ಇಲ್ಲದವರು ನೂರಕ್ಕೆ 9.91. ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಬಡತನಕ್ಕೆ ಕಾರಣ, ಯಜಮಾನನು ತಪ್ಪದೆ ಕೆಲಸಕ್ಕೆ ಹೋಗುತ್ತಿದ್ದರೂ ಕೂಲಿಯೇ ಸಾಲದಿದ್ದುದು.

ರೌನ್‌ಟ್ರೀ ಅವರು ಈ ಕನಿಷ್ಠ ಗೆರೆಯ ಮೇಲೆ ಬದುಕುವುದೆಂದರೇನು ಎಂಬುದನ್ನೂ ಬಿಡಿಸಿ ಬರೆದರು. ಆ ಸಂಸಾರದವರು ರೈಲು ಹತ್ತಬಾರದು, ಪತ್ರಿಕೆ ಕೊಳ್ಳಬಾರದು, ದೂರದಲ್ಲಿರುವ ಮಕ್ಕಳಿಗೆ ಕಾಗದ ಬರೆಯಬಾರದು, ಮಗುವಿಗೆ ಬೊಂಬೆ ಕೊಡಿಸಬಾರದು. ದೇವಾಲಯದ ಕಾಣಿಕೆ ತಟ್ಟೆಗೂ ಏನನ್ನೂ ಹಾಕಬಾರದು, ಏಕೆಂದರೆ ಹಾಕಿದ ಪ್ರತಿಯೊಂದು ಕಾಸೂ ಅನ್ನದಿಂದಲೇ ಕಿತ್ತದ್ದಾಗಿರುತ್ತದೆ. ಕಾಣಿಕೆ ತಟ್ಟೆ ಹಿಡಿಯುವ ನಮ್ಮವರು ಇದನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಅವರು ಕಂಡುಹಿಡಿದ ಮತ್ತೊಂದು ಸಂಗತಿ, ಕೂಲಿಗಾರನು ಜೀವಮಾನದಲ್ಲಿ ಮೂರು ಸಲ ಬಡತನಕ್ಕೆ ಇಳಿಯುತ್ತಾನೆ ಎಂಬುದು: ತಾನು ಮಗುವಾಗಿದ್ದಾಗ, ತನಗೆ ಚಿಕ್ಕ ಮಕ್ಕಳಿರುವಾಗ, ಮುಪ್ಪಿನಲ್ಲಿ. ಇಂದು ಗೆರೆಯ ಮೇಲಿರುವವನು ನಾಳೆ ಕೆಳಗಿರಬಹುದು. ಈ ಬಗೆಯ ಶೋಧನೆಗಳು ಕಪಾಟಿನಲ್ಲಿ ಉಳಿಯಲಿಲ್ಲ. ಬೂತ್ ಅವರು ವರ್ಷಗಟ್ಟಲೆ ವಾದಿಸಿದ ವೃದ್ಧಾಪ್ಯ ವೇತನ 1908ರಲ್ಲಿ ಬ್ರಿಟನ್ನಿನ ಶಾಸನವಾಯಿತು.

ನಮ್ಮ ದೇಶದಲ್ಲಿ ಈ ವಿಚಾರ ಇನ್ನೂ ಮೊದಲೇ ಹುಟ್ಟಿತ್ತು. ದಾದಾಭಾಯಿ ನವರೋಜಿಯವರು ಒಬ್ಬ ಮನುಷ್ಯನಿಗೆ ಬೇಕಾದ ಕನಿಷ್ಠ ಅನ್ನವಸ್ತ್ರಗಳ ವೆಚ್ಚವನ್ನು 1867–68ರ ಬೆಲೆಗಳಲ್ಲಿ ವರ್ಷಕ್ಕೆ 16ರಿಂದ 35 ರೂಪಾಯಿಗಳೆಂದು ಅಂದಾಜು ಮಾಡಿ, ದೇಶದ ತಲಾ ಆದಾಯ 20 ರೂಪಾಯಿ ಮಾತ್ರವೆಂದು ತೋರಿಸಿದರು. ಸ್ವಾತಂತ್ರ್ಯಾನಂತರ, 1962ರಲ್ಲಿ, ತಜ್ಞರ ತಂಡವೊಂದು ತಿಂಗಳಿಗೆ ತಲೆಗೆ 20 ರೂಪಾಯಿಗಳ ಗೆರೆ ಎಳೆಯಿತು. ಆ ಗೆರೆಯಲ್ಲಿ ವೈದ್ಯ ಮತ್ತು ವಿದ್ಯೆಯ ಖರ್ಚನ್ನು ಹಿಡಿಯಲಿಲ್ಲ. ಅವೆರಡನ್ನೂ ಸರ್ಕಾರವೇ ಒದಗಿಸುವುದೆಂದು ಭಾವಿಸಲಾಗಿತ್ತು. ಒದಗಿಸಿದ್ದು ಎಷ್ಟು ಎಂಬುದನ್ನು ತಾವು ಬಲ್ಲಿರಿ. 1971ರಲ್ಲಿ ದಾಂಡೇಕರ್ ಮತ್ತು ರಥ್ ಅವರು, ಹಳ್ಳಿಗಳಲ್ಲಿ ನೂರಕ್ಕೆ ಸುಮಾರು 40, ನಗರಗಳಲ್ಲಿ ಸುಮಾರು 50 ಮಂದಿಗೆ ಸಾಕಷ್ಟು ಆಹಾರ ದೊರಕುವಷ್ಟೂ ಆದಾಯವಿಲ್ಲವೆಂದು ಬರೆದರು. ನಗರದ ಬಡತನವು ಹಳ್ಳಿಯ ಬಡತನ ತುಂಬಿ ಹೊರಚೆಲ್ಲಿದ್ದು ಎಂದು ಅವರ ಮತ. ಮುಂದೆ 1979ರಲ್ಲಿ ಹಳ್ಳಿಯವನಿಗೆ ದಿನಕ್ಕೆ 2,400, ನಗರದವನಿಗೆ 2,100 ಕ್ಯಾಲೊರಿ ಎಂಬ ಅಳತೆ ಬಂದಿತು. ವೈದ್ಯ, ವಿದ್ಯೆಗಳಿಗೆ ಜನರು ತಾವೇ ಮಾಡುವ ಖರ್ಚನ್ನು ಲೆಕ್ಕಕ್ಕೆ ತಂದುದು 2009ರ ತೆಂಡೂಲ್ಕರ್ ಸಮಿತಿ. ಎರಡು ವರ್ಷಗಳ ಅನಂತರ, ಯೋಜನಾ ಆಯೋಗವು ನಗರದಲ್ಲಿ ದಿನಕ್ಕೆ 32 ರೂಪಾಯಿ ಖರ್ಚು ಮಾಡುವವನು ಬಡವನಲ್ಲವೆಂಬ ಅರ್ಥ ಬರುವಂತೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಪ್ರಮಾಣಪತ್ರ ಸಲ್ಲಿಸಿದಾಗ ದೇಶವೇ ದಂಗಾಯಿತು. 2014ರಲ್ಲಿ ರಂಗರಾಜನ್ ಸಮಿತಿ ಅದನ್ನು 47 ರೂಪಾಯಿಗೆ ಏರಿಸಿತು. ಗೆರೆಯನ್ನು ಒಂದು ಬೆರಳಿನಷ್ಟು ಸರಿಸಿದರೆ ಕೋಟಿಗಟ್ಟಲೆ ಜನರು ಬಡವರಾಗುತ್ತಾರೆ, ಇಲ್ಲವೇ ಬಡವರಲ್ಲದವರಾಗುತ್ತಾರೆ. ಅವರ ಅಡುಗೆಯ ಮಡಕೆಯಲ್ಲಿ ಮಾತ್ರ ಏನೂ ಬದಲಾಗುವುದಿಲ್ಲ.

ಗೆರೆಯ ಮಾತು ಹಾಗಿರಲಿ. ಮನೆಗಳನ್ನಾದರೂ ಸರಿಯಾಗಿ ಎಣಿಸಿದ್ದೇವೆಯೇ? 2011ರ ಜನಗಣತಿಯಲ್ಲಿ ದೇಶದ ಕೊಳೆಗೇರಿಗಳಲ್ಲಿ ಸುಮಾರು 6.5 ಕೋಟಿ ಜನರು, ಸುಮಾರು 1.4 ಕೋಟಿ ಸಂಸಾರಗಳು ಎಂದು ಬಂದಿತು. ಮರುವರ್ಷವೇ, 2012ರಲ್ಲಿ, ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂದಾಜು ಕೇವಲ 88 ಲಕ್ಷ ಸಂಸಾರಗಳು. ಎರಡೂ ಸರ್ಕಾರದ ಲೆಕ್ಕಗಳೇ. ಕನಿಷ್ಠ ಅರುವತ್ತು ಎಪ್ಪತ್ತು ಮನೆಗಳಿದ್ದರೆ ಕೊಳೆಗೇರಿ ಎಂದು ಜನಗಣತಿಯ ನಿಯಮ. ಇಪ್ಪತ್ತು ಮನೆಗಳಿದ್ದರೆ ಸಾಕೆಂದು ಸಮೀಕ್ಷೆಯ ನಿಯಮ. ಹಾಗಾದರೆ ಹತ್ತೊಂಬತ್ತು ಗುಡಿಸಲುಗಳು ಒಟ್ಟಿಗಿದ್ದರೆ ಅವು ಏನು? ಯಾವ ಪಟ್ಟಿಯಲ್ಲಿಯೂ ಅವಕ್ಕೆ ಹೆಸರಿಲ್ಲ. ಇದೂ ಸಾಲದೆಂಬಂತೆ, ಆ ಸಮೀಕ್ಷೆ ಕಂಡ 33,510 ಕೊಳೆಗೇರಿಗಳಲ್ಲಿ ನೂರಕ್ಕೆ 41ರಷ್ಟು ಮಾತ್ರ ಘೋಷಿತವಾದುವು. ನಮ್ಮ ರಾಜ್ಯದಲ್ಲಿ 1973ರ ಕೊಳಚೆ ಪ್ರದೇಶಗಳ ಶಾಸನದಂತೆ ಘೋಷಣೆ ಆಗಬೇಕು. ಘೋಷಣೆಯಾಗದ ಕೇರಿಗೆ ನಲ್ಲಿ, ಚರಂಡಿ, ಹಕ್ಕುಪತ್ರ ಇವು ದೊರಕುವುದು ಬಹಳ ಕಷ್ಟ. ಹೆಚ್ಚು ನಿರ್ಗತಿಕನಾದವನೇ ಹೀಗೆ ಪಟ್ಟಿಯಿಂದ ಹೊರಗುಳಿಯುತ್ತಾನೆ.

ಬೆಂಗಳೂರಿನಲ್ಲಿ ಇದನ್ನು ಕಣ್ಣಾರೆ ಶೋಧಿಸಿದವರು ಡ್ಯೂಕ್ ವಿಶ್ವವಿದ್ಯಾನಿಲಯದ ಅನಿರುದ್ಧ ಕೃಷ್ಣ ಮತ್ತು ಅವರ ಸಂಗಡಿಗರು. ಕೃಷ್ಣ ಅವರು ಹಿಂದೆ ಭಾರತೀಯ ಆಡಳಿತ ಸೇವೆಯಲ್ಲಿದ್ದವರು. ಮೊದಲು ಅವರು ಘೋಷಿತ ಪಟ್ಟಿಯ 14 ಕೊಳೆಗೇರಿಗಳನ್ನು ನೋಡಿದರು. ಅಲ್ಲಿಯ ಸಂಸಾರಗಳು ಬಹುಕಾಲದಿಂದ ನೆಲೆಸಿದವು. ಇಟ್ಟಿಗೆ ಗೋಡೆ, ವಿದ್ಯುತ್ತು, ಮತದಾರರ ಚೀಟಿ ಬಂದಿವೆ. ಆದರೆ ತಂದೆಯ ಸ್ಥಿತಿಗಿಂತ ಮಗನು ಹೆಚ್ಚು ಮೇಲೇರಿಲ್ಲ. ಆಮೇಲೆ ಅವರಿಗೆ ಒಂದು ಸಂದೇಹ ಬಂದಿತು. ಹೊಸದಾಗಿ ಬಂದವರು ಎಲ್ಲಿ? ಉಪಗ್ರಹದ ಚಿತ್ರಗಳಲ್ಲಿ ಖಾಲಿ ನಿವೇಶನಗಳ ನಡುವೆ ನೀಲಿ ಚುಕ್ಕೆಗಳು ಗುಂಪುಗುಂಪಾಗಿ ಕಾಣುತ್ತಿದ್ದುವು. ಅವು ನೀಲಿ ಟಾರ್ಪಾಲಿನ ಗುಡಾರಗಳು. ಹೋಗಿ ವಿಚಾರಿಸಿದರೆ ಬಹುಪಾಲು ಉತ್ತರ ಕರ್ನಾಟಕದ ಬರಪೀಡಿತ ಹಳ್ಳಿಗಳಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅಧಿಕೃತ ಪಟ್ಟಿಗಳಲ್ಲಿ ಆ ನೆಲೆಗಳಿಲ್ಲ. ಲಂಡನ್ನಿನಲ್ಲಿ ಬೂತ್ ಅವರು ಕಡುಬಡವರ ಬೀದಿಗೆ ನೀಲಿ ಹಚ್ಚಿಸಿದರು. ಬೆಂಗಳೂರಿನಲ್ಲಿ ಬಡವರೇ ಆ ಬಣ್ಣವನ್ನು ತಮ್ಮ ತಲೆಯ ಮೇಲೆ ಕಟ್ಟಿಕೊಂಡಿದ್ದಾರೆ.

ಕೃಷ್ಣ ಅವರ ಇನ್ನೊಂದು ಕೆಲಸ ನಮಗೆ ಹೆಚ್ಚು ಉಪಯುಕ್ತವಾದುದು. ಗೆರೆಯನ್ನು ಕಚೇರಿಯಲ್ಲಿ ಕುಳಿತು ಎಳೆಯದೆ, ಅವರು ಊರವರನ್ನೇ ಒಟ್ಟುಗೂಡಿಸಿ ಕೇಳಿದರು: ಏನೂ ಇಲ್ಲದ ಸಂಸಾರಕ್ಕೆ ನಾಲ್ಕು ಕಾಸು ಬಂದರೆ ಮೊದಲು ಏನು ಮಾಡುತ್ತದೆ? ಹೊಟ್ಟೆಗೆ ಅನ್ನ, ಮಕ್ಕಳ ಶಾಲೆ, ಮೈಮೇಲೆ ಬಟ್ಟೆ, ಸಾಲದ ಕಂತು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಜನರೇ ಉತ್ತರ ಕೊಟ್ಟರು. ಭಾರತ, ಕೀನ್ಯಾ, ಉಗಾಂಡ, ಪೆರು ಮುಂತಾದ ದೇಶಗಳಲ್ಲಿ ಸುಮಾರು 35,000 ಸಂಸಾರಗಳ ಮೆಟ್ಟಿಲುಗಳನ್ನು ಬರೆದುಕೊಂಡಾಗ, ಕೆಲವರು ಬಡತನದಿಂದ ಹೊರಬರುವಾಗಲೇ ಬೇರೆ ಕೆಲವರು ಒಳಕ್ಕೆ ಬೀಳುತ್ತಿದ್ದರು. ಬೀಳುವುದಕ್ಕೆ ಮುಖ್ಯ ಕಾರಣ ಕಾಯಿಲೆ ಮತ್ತು ಅದರ ಖರ್ಚು. ಅದರ ಜೊತೆಗೆ ಮದುವೆ, ಸಾವಿನ ವೆಚ್ಚ, ದುಬಾರಿ ಬಡ್ಡಿಯ ಸಾಲ. 2010ರಲ್ಲಿ ಪ್ರಕಟವಾದ ಅವರ ಪುಸ್ತಕದ ಹೆಸರೇ, ಬಡತನಕ್ಕೆ ಇರುವ ದೂರ ಒಂದು ಕಾಯಿಲೆಯಷ್ಟು ಎಂಬ ಅರ್ಥದ್ದು. 1962ರಲ್ಲಿ ನಮ್ಮ ತಜ್ಞರು ಗೆರೆಯಿಂದ ಹೊರಗಿಟ್ಟದ್ದು ಇದೇ ಖರ್ಚನ್ನು.

ಈಗ ನಮ್ಮ ನಿಧಿಯ ವಿಷಯ. ಪಡಿತರ ಚೀಟಿಯನ್ನೇ ಅಳತೆಗೋಲು ಮಾಡಿದರೆ, ಹಿಂದೊಮ್ಮೆ ಬಡವರಾಗಿದ್ದು ಇಂದು ಮಹಡಿ ಮನೆ ಕಟ್ಟಿದವರಿಗೂ ಸಲ್ಲಬಹುದು. ಹೋದ ವರ್ಷ ಗಂಡನ ಶಸ್ತ್ರಚಿಕಿತ್ಸೆಗಾಗಿ ಸಾಲದಲ್ಲಿ ಬಿದ್ದ ಹೆಂಗಸಿಗೆ ಸಲ್ಲದು. ಚೀಟಿಯನ್ನು ಊರಿನಲ್ಲಿರುವ ಮುದಿ ತಾಯಿತಂದೆಯರ ಬಳಿ ಬಿಟ್ಟು ಬಂದ ಗುಡಾರದವರಿಗಂತೂ ಸಲ್ಲುವ ಪ್ರಶ್ನೆಯೇ ಇಲ್ಲ. ಆದುದರಿಂದ ಮನೆಮನೆಗೆ ಹೋಗಬೇಕೆಂದು ನನ್ನ ಸಲಹೆ. ಇದು ಹೊಸ ಮಾತೇನೂ ಅಲ್ಲ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡೆರಿಕ್ ಓಜನಾಮ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ಮತ್ತು ಅವನ ಗೆಳೆಯರು ಆರಂಭಿಸಿದ ಸಂತ ವಿನ್ಸೆಂಟ್ ದಿ ಪಾಲ್ ಸಭೆಯ ಮೊದಲ ಕೆಲಸವೇ ಬಡವರ ಮನೆಗೆ ಹೋಗುವುದು. ಆ ಬೀದಿಗಳನ್ನೆಲ್ಲ ಬಲ್ಲ ಸಿಸ್ಟರ್ ರೊಸಾಲಿಯವರು ಅವರಿಗೆ ದಾರಿ ತೋರಿದರು. ನಮ್ಮಲ್ಲಿಯೂ ಆ ಸಭೆಯ ಹಿರಿಯರಿದ್ದಾರೆ, ಬೀದಿಗಳನ್ನು ಬಲ್ಲ ಧರ್ಮಭಗಿನಿಯರಿದ್ದಾರೆ.

ಕೇಳತಕ್ಕ ಪ್ರಶ್ನೆಗಳು ಹೆಚ್ಚು ಬೇಡ. ಕಳೆದ ತಿಂಗಳು ಎಷ್ಟು ದಿನ ಕೆಲಸ ಸಿಕ್ಕಿತು, ಮನೆಯಲ್ಲಿ ಕಾಯಿಲೆಯವರು ಯಾರು, ಸಾಲವೆಷ್ಟು, ಬಡ್ಡಿ ಎಷ್ಟು, ಶಾಲೆ ಬಿಟ್ಟ ಮಕ್ಕಳುಂಟೆ, ದುಡಿಯಲಾರದ ಮುದುಕರುಂಟೆ. ಜಾತಿ, ಮತವನ್ನು ಕೇಳಬೇಕಾಗಿಲ್ಲ. ಧರ್ಮಕೇಂದ್ರದ ಎಲ್ಲೆಯೊಳಗಿರುವ ಎಲ್ಲರ ಬಾಗಿಲನ್ನೂ ತಟ್ಟತಕ್ಕದ್ದು. ಕುಡಿಯುತ್ತಾರೆಯೇ ಎಂಬ ಪ್ರಶ್ನೆಯನ್ನು ಸೇರಿಸಬೇಕೆಂದು ಹಿರಿಯರೊಬ್ಬರು ಹೇಳಿದ್ದಾರೆ. ಅದನ್ನು ನಾನು ಸೇರಿಸಿಲ್ಲ. ನಮೂನೆಯ ಹಾಳೆಗಳನ್ನು ದೇವಾಲಯದ ಕಚೇರಿಯಲ್ಲಿ ಇರಿಸಿದೆ. ನಮ್ಮ ಸ್ಮಶಾನದ ಆಚೆಗಿರುವ ಟಾರ್ಪಾಲಿನ ಗುಡಾರಗಳಿಗೆ ಹಗಲು ಹೋಗಿ ಪ್ರಯೋಜನವಿಲ್ಲ, ದೊಡ್ಡವರು ಯಾರೂ ಸಿಗುವುದಿಲ್ಲ. ಸಂಜೆ ಏಳರ ಅನಂತರ, ಇಬ್ಬಿಬ್ಬರಾಗಿ ಹೋಗಿರಿ. ಒಂದು ಟಾರ್ಚನ್ನು ಕೈಯಲ್ಲಿಟ್ಟುಕೊಳ್ಳಿರಿ. ಅಲ್ಲಿಗೆ ಬೀದಿದೀಪ ಇನ್ನೂ ಬಂದಿಲ್ಲ.