ಬೆಳ್ಳಿಯ ಬೆಲೆ, ಕೈಯ ಮಜೂರಿ
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ಸಾಹಿತ್ಯ ಸಂಗೀತಗಳ ಮಾತು ಬರುವುದು ಸಹಜ. ನಾನು ಇಂದು ಅಕ್ಕಸಾಲೆಯ ಕಸುಬಿನ ಬಗ್ಗೆ ಎರಡು ಮಾತು ಅರಿಕೆ ಮಾಡಿಕೊಳ್ಳುತ್ತೇನೆ. ಕಾಲುಂಗುರ, ಗೆಜ್ಜೆ, ಉಡಿದಾರ, ಕುಂಕುಮದ ಭರಣಿ, ಇಷ್ಟಲಿಂಗದ ಕರಡಿಗೆ, ಇವುಗಳಲ್ಲಿ ಒಂದಾದರೂ ಇಲ್ಲದ ಕನ್ನಡಿಗರ ಮನೆ ಅಪರೂಪ. ಆದರೆ ಇವನ್ನು ಮಾಡುವ ಕೈಗಳು ನಮ್ಮ ಕಣ್ಣಿಗೆ ಬೀಳುವುದು ಕಡಿಮೆ.

ಮನೆಯ ಒಂದು ಕೋಣೆಯೇ ಕಾರ್ಯಾಗಾರವಾಗಿರುವಲ್ಲಿ ಕೆಲಸ ಮೂಸೆಯಿಂದ ಆರಂಭವಾಗುತ್ತದೆ. ಶುದ್ಧ ಬೆಳ್ಳಿ ಮೆತ್ತಗಿನದು. ಗಟ್ಟಿಯಾಗಲು ತಾಮ್ರ ಬೆರೆಸಬೇಕು. 925 ಎಂಬ ಗುರುತಿದ್ದರೆ ಸಾವಿರ ಭಾಗಗಳಲ್ಲಿ 925 ಬೆಳ್ಳಿ ಎಂದರ್ಥ. ಎರಕವನ್ನು ಅಡಿಗಲ್ಲಿನ ಮೇಲೆ ಬಡಿದು, ಕಂಬಚ್ಚಿನ ತೂತುಗಳಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಎಳೆಯುತ್ತ ತಂತಿ ಮಾಡುತ್ತಾರೆ. ಬಡಿದಷ್ಟೂ ಬೆಳ್ಳಿ ಪೆಡಸಾಗುವುದರಿಂದ ನಡುನಡುವೆ ಕಾಯಿಸಬೇಕು. ಆಮೇಲೆ ಬಿಳಿಗಾರ ಹಚ್ಚಿ ಬೆಸುಗೆ, ಹುಳಿನೀರಿನ ಸ್ನಾನ, ಅರದ ಉಜ್ಜುವಿಕೆ, ಕೊನೆಗೆ ಹರಳು. ಮುತ್ತು ಹವಳಗಳು ಬೆಂಕಿಯನ್ನೂ ಹುಳಿಯನ್ನೂ ತಾಳಲಾರವು. ಅದಕ್ಕೇ ಅವುಗಳ ಸರದಿ ಕೊನೆಗೆ. ಅಂತಹ ಒಡವೆಯನ್ನು ಮನೆಯಲ್ಲಿ ಹುಣಸೆಹುಳಿಯಿಂದ ತಿಕ್ಕಬಾರದೆಂಬುದನ್ನು ನಾವೂ ನೆನಪಿಡಬೇಕು.

ಈ ವಿದ್ಯೆ ತಂದೆಯಿಂದ ಮಗನಿಗೆ ಬರತಕ್ಕದ್ದು. ನಡುವೆ ಒಂದು ತಲೆಮಾರು ತಪ್ಪಿದರೆ ಮುಗಿಯಿತು. 1963ರ ಜನವರಿಯಲ್ಲಿ, ಚೀನಾ ಯುದ್ಧದ ಬೆನ್ನಿಗೆ, ಕೇಂದ್ರ ಸರಕಾರವು 14 ಕ್ಯಾರಟ್ಟಿಗಿಂತ ಶುದ್ಧವಾದ ಚಿನ್ನದ ಹೊಸ ಒಡವೆಗಳನ್ನು ನಿಷೇಧಿಸಿತು. ಕಳ್ಳಸಾಗಣೆ ತಡೆಯುವುದು ಉದ್ದೇಶವಾಗಿತ್ತು. ಪೆಟ್ಟು ಬಿದ್ದದ್ದು ಅಕ್ಕಸಾಲಿಗರ ಹೊಟ್ಟೆಗೆ. ಕೆಲಸ ಕಳೆದುಕೊಂಡು ಪ್ರಾಣ ಬಿಟ್ಟವರೂ ಉಂಟು. 1966ರಲ್ಲಿ ಆ ನಿಷೇಧ ಹೋಯಿತು. 1968ರ ಚಿನ್ನ ನಿಯಂತ್ರಣ ಕಾಯ್ದೆಯೂ 1990ರಲ್ಲಿ ರದ್ದಾಯಿತು. ಆದರೆ ಮಗನನ್ನು ಬೇರೆ ದಾರಿಗೆ ಹಚ್ಚಿದ ಮನೆಗೆ ಕಸುಬು ಮರಳುವುದು ಸುಲಭವೆ?

ಬೆಳ್ಳಿಗೆ ಆ ಕಟ್ಟಳೆ ಇರಲಿಲ್ಲ. ನಿಪ್ಪಾಣಿಗೆ ದೂರವಲ್ಲದ, ಕೊಲ್ಲಾಪುರ ಜಿಲ್ಲೆಯ ಹುಪರಿಯಲ್ಲಿ ಮನೆಮನೆಯಲ್ಲೂ ಬೆಳ್ಳಿಯ ಗೆಜ್ಜೆ ತಯಾರಾಗುವುದನ್ನು ಇಂದಿಗೂ ನೋಡಬಹುದು. ನಮ್ಮ ಮುಂಬಯಿಯಲ್ಲಿ, ಮುಂಬಾದೇವಿ ಗುಡಿಯ ಬಳಿಯ ಝವೇರಿ ಬಜಾರಿನ ಇಕ್ಕಟ್ಟಾದ ಕೋಣೆಗಳಲ್ಲಿ ಬಗ್ಗಿ ಕುಳಿತವರಲ್ಲಿ ಬಂಗಾಳದಿಂದ ಬಂದವರು ಬಹಳ. ಅವರೂ ನಮ್ಮಂತೆಯೇ ಊರು ಬಿಟ್ಟು ಅನ್ನ ಹುಡುಕಿ ಬಂದವರು.

ಲೆಕ್ಕವೇ ನನ್ನ ನಿತ್ಯದ ಉದ್ಯೋಗವಾದ್ದರಿಂದ ಒಂದು ಲೆಕ್ಕ ಹೇಳುತ್ತೇನೆ. ಅಜ್ಜಿಯ ಗೆಜ್ಜೆ 200 ಗ್ರಾಂ ಇದೆ, ಅದರಲ್ಲಿ ನೂರಕ್ಕೆ 70 ಬೆಳ್ಳಿ ಎಂದಿಟ್ಟುಕೊಳ್ಳಿ. ಕರಗಿಸಲು ಕೊಟ್ಟರೆ ಲೆಕ್ಕಕ್ಕೆ ಸಿಗುವುದು 140 ಗ್ರಾಂ ಬೆಳ್ಳಿ. ಅಂದಿನ ಅಕ್ಕಸಾಲಿಗನ ಶ್ರಮಕ್ಕೆ ಸೊನ್ನೆ. ಹೊಸದಕ್ಕೆ ಮತ್ತೆ ಮಜೂರಿ, ಮೇಲೆ ತೆರಿಗೆ. ಅದೇ ಗೆಜ್ಜೆಯ ಸಡಿಲಾದ ಕೊಂಡಿಯನ್ನು ಬೆಸೆಸಿಕೊಂಡರೆ ಅಲ್ಪ ಖರ್ಚಿನಲ್ಲಿ ಮೊಮ್ಮಗಳ ಕಾಲಿಗೆ ಬರುತ್ತದೆ. ಅಕ್ಕಸಾಲಿಗನಿಗೂ ಕೆಲಸ ಸಿಗುತ್ತದೆ.

ಇನ್ನೊಂದು ಮಾತು. ಬೆಳ್ಳಿಯ ದರಕ್ಕೆ ನಾವು ಚಕಾರವೆತ್ತುವುದಿಲ್ಲ. ಮಜೂರಿಯ ಸಾಲು ಬಂದೊಡನೆ ಚೌಕಾಶಿಗೆ ಇಳಿಯುತ್ತೇವೆ. ಬಾಡಿಗೆ, ಇಂಧನ, ಅರದ ಪುಡಿಯ ನಷ್ಟ, ಕಲಿಯುವ ಹುಡುಗನ ಊಟ, ಎಲ್ಲವೂ ಆ ಒಂದು ಸಾಲಿನಿಂದಲೇ ನಡೆಯಬೇಕು. ಅದನ್ನು ಕಿತ್ತುಕೊಂಡರೆ ಹುಡುಗ ಕಸುಬು ಬಿಟ್ಟು ಏಳದೆ ಏನು ಮಾಡಿಯಾನು?

ಹಾಗೆಂದು ಗಿರಾಕಿಯು ಕಣ್ಣು ಮುಚ್ಚಿ ಹಣ ಕೊಡಬೇಕಾಗಿಲ್ಲ. ತೂಕ, ಶುದ್ಧತೆ, ಮಜೂರಿ ಬೇರೆಬೇರೆಯಾಗಿ ಕಾಣುವ ರಸೀದಿ ಕೇಳಿರಿ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಯ ಒಡವೆಗೂ ಪ್ರತ್ಯೇಕ ಗುರುತುಸಂಖ್ಯೆಯುಳ್ಳ ಹಾಲ್‌ಮಾರ್ಕ್ ಐಚ್ಛಿಕವಾಗಿ ಬಂದಿದೆ. ಪ್ರಾಮಾಣಿಕ ಕಸುಬಿಗೆ ಅದು ಬಲವೇ ಸರಿ.

ನಮ್ಮ ನಡುವಿನ ಅಕ್ಕಸಾಲಿಗ ಬಂಧುಗಳಿಗೂ ಒಂದು ಸೂಚನೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲೆಯ ಕೆಲಸವೂ ಸೇರಿದೆ. ಅರ್ಹರಿಗೆ ಅಡಮಾನವಿಲ್ಲದೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಬಳಿಕ 2 ಲಕ್ಷ ರೂಪಾಯಿವರೆಗೆ ನೂರಕ್ಕೆ 5ರ ಬಡ್ಡಿಯಲ್ಲಿ ಸಾಲವುಂಟು. ಒಂದು ಕುಟುಂಬಕ್ಕೆ ಒಬ್ಬರು ಮಾತ್ರ. ಅರ್ಜಿ ತುಂಬಲು ಹಿಂಜರಿಯುವವರಿಗೆ ನಮ್ಮ ಸಂಘದ ಓದುಬಲ್ಲ ತರುಣರು ನೆರವಾಗಲಿ.

ಮೂಸೆ, ಬಿಳಿಗಾರ, ಕಂಬಚ್ಚು, ಒರೆಗಲ್ಲು ಇವು ನಿಘಂಟಿನಲ್ಲಿ ಮಾತ್ರ ಬದುಕುವ ಮಾತುಗಳಲ್ಲ. ದುಡಿಯುವ ಕೈಯಿದ್ದರೆ ಬದುಕುವ ಮಾತುಗಳು. ಆ ಕೈಗೆ ನ್ಯಾಯವಾದ ಮಜೂರಿ ಸಲ್ಲಿಸುವುದೂ ಕನ್ನಡದ ಸೇವೆಯೇ.