‘ಸಣ್ಣ ಗಾಯ, ಹೊಲಿಗೆ ಹಾಕ್ಸಿಬಿಡು’ ಅಂದಿದ್ದು ನಾನೇ

ಕೈ ತೊಳ್ಕೊಂಡಿದ್ರೆ ಫೋನಿನ ಸೆಲ್ಫಿ ಕ್ಯಾಮೆರಾ ಆನ್ ಮಾಡಿ. ಮೂಗಿನ ಪಕ್ಕ ಕೆಳರೆಪ್ಪೆನ ಸ್ವಲ್ಪ ಕೆಳಗೆಳೆದು ನೋಡಿ. ಸೂಜಿಮೊನೆಯಷ್ಟು ತೂತು ಕಾಣುತ್ತೆ. ಮೇಲಿನ ರೆಪ್ಪೆಯಲ್ಲೂ ಅಂಥದೇ ಒಂದಿದೆ. ಕಣ್ಣೀರು ಅಲ್ಲಿಂದ ಕೂದಲೆಳೆಯಂಥ ನಾಳಕ್ಕೆ, ಆಮೇಲೆ ಒಂದು ಪುಟ್ಟ ಚೀಲಕ್ಕೆ, ಕೊನೆಗೆ ಮೂಗಿಗೆ ಇಳಿಯುತ್ತೆ. ಅತ್ತಾಗ ಮೂಗು ಸೋರೋದು ಅದಕ್ಕೇ.

ಬಿ.ಕಾಂ. ಓದಿದ ನಂಗೆ ಇದನ್ನೆಲ್ಲ ಕಲಿಸಿದ್ದು ಅಕ್ಕನ ಮಗ. ಆರು ವರ್ಷ. ಭಾವನ ದಿನಸಿ ಅಂಗಡೀಲಿ ಚಿಪ್ಸ್ ಪ್ಯಾಕೆಟ್ ನೇತುಹಾಕೋ ಕೊಕ್ಕೆ ಸಿಕ್ಕಿಕೊಂಡು ಎಡಗಣ್ಣಿನ ಒಳಮೂಲೆ ಹರಿದುಹೋಯ್ತು. ಹತ್ತಿರದ ಆಸ್ಪತ್ರೆಯಲ್ಲಿ, ಗುಡ್ಡೆಗೇನೂ ಆಗಿಲ್ಲ, ಚರ್ಮ ಹೊಲಿದ್ರೆ ಸಾಕು ಅಂದ್ರು. ನಾನೂ, “ಸಣ್ಣ ಗಾಯ ಅಕ್ಕ, ಹಾಕ್ಸಿಬಿಡು” ಅಂದೆ. ತಡೆದಿದ್ದು ಅಲ್ಲಿದ್ದ ಸಿಸ್ಟರ್: “ಮೂಗಿನ ಪಕ್ಕದ ಗಾಯ ಅಮ್ಮ, ಕಣ್ಣಿನ ಡಾಕ್ಟ್ರಿಗೆ ತೋರಿಸ್ದೆ ಹೊಲಿಸ್ಬೇಡಿ.”

ಅವತ್ತೇ ರಾತ್ರಿ ಕಣ್ಣಿನ ಆಸ್ಪತ್ರೆಗೆ ಹೋದ್ವಿ. ಕೆಳಗಿನ ನಾಳ ಎರಡು ತುಂಡಾಗಿತ್ತು. ರೆಪ್ಪೆಗಳನ್ನ ಮೂಗಿನ ಪಕ್ಕದ ಮೂಳೆಗೆ ಬಿಗಿದಿಡೋ ಒಂದು ಪಟ್ಟಿ ಇರುತ್ತಂತೆ, ಅದೂ ಕಿತ್ತಿತ್ತು. ಅದನ್ನ ಸರಿ ಕೂರಿಸ್ದೆ ಬರೀ ಚರ್ಮ ಹೊಲಿದ್ರೆ ಕಣ್ಣಿನ ಚೂಪು ಮೂಲೆ ದುಂಡಗಾಗಿ ಮೂಗಿನಿಂದ ದೂರ ಸರಿಯುತ್ತೆ. ನಾಳ ಕೂಡದಿದ್ರೆ ಕೆನ್ನೆ ಮೇಲೆ ಯಾವಾಗ್ಲೂ ನೀರು. ಇದನ್ನ ಒಂದೆರಡು ದಿನದೊಳಗೆ ಸೇರಿಸೋದು ಒಳ್ಳೇದು. ತಡವಾದ್ರೆ ಒಳಗೆ ಗಾಯದ ಕಲೆ ಬೆಳೆದು ತುದಿಗಳನ್ನ ಹುಡುಕೋದೇ ಕಷ್ಟ. ನಾಳಗಳು ಪೂರ್ತಿ ಮುಚ್ಚಿಹೋದ ಕೆಲವರಿಗೆ ಕಣ್ಣಿನ ಮೂಲೆಯಿಂದ ಮೂಗಿಗೆ ಗಾಜಿನ ಸಣ್ಣ ಕೊಳವೆ ಕೂರಿಸ್ತಾರಂತೆ. ಗಾಜು! ಕೇಳಿ ಅಕ್ಕ ಅಲ್ಲೇ ಕುಸಿದು ಕೂತಳು.

ಮೈಕ್ರೋಸ್ಕೋಪ್ ಕೆಳಗೆ ತುಂಡಾದ ತುದಿಗಳನ್ನ ಹುಡುಕಿ, ಒಳಗೆ ತೆಳು ಸಿಲಿಕಾನ್ ಕೊಳವೆ ತೂರಿಸಿ ನಾಳ ಸೇರಿಸಿದ್ರು. ಪಟ್ಟಿಯನ್ನ ಮತ್ತೆ ಒಳಕ್ಕೆಳೆದು ಬಿಗಿದ್ರು. ನೂರಕ್ಕೆ ನೂರು ಗ್ಯಾರಂಟಿ ಕೊಡಲ್ಲ ಅಂತ ಮೊದಲೇ ಹೇಳಿದ್ರು.

ಆಪರೇಷನ್‌ಗಿಂತ ಕಷ್ಟ ಆಗಿದ್ದು ಆಮೇಲಿನ ಮೂರು ತಿಂಗಳು. ಕಣ್ಣಿನ ಮೂಲೇಲಿ ಆ ಕೊಳವೆ ಗಾಜಿನ ದಾರದ ಥರ ಮಿನುಗ್ತಿತ್ತು. ಉಜ್ಜಿದ್ರೆ ಕಿತ್ತು ಬರುತ್ತೆ. ಆರು ವರ್ಷದ ಹುಡುಗನಿಗೆ ಕಣ್ಣುಜ್ಬೇಡ ಅಂತ ಎಷ್ಟು ಸಲ ಹೇಳ್ತೀರಾ? ಅಕ್ಕ ರಾತ್ರಿಯೆಲ್ಲ ಅವನ ಕೈ ಹಿಡ್ಕೊಂಡೇ ಮಲಗ್ತಿದ್ಳು.

ಈಗ ಕೊಳವೆ ತೆಗೆದಾಗಿದೆ. ಬೈಕಲ್ಲಿ ಮುಂದೆ ಕೂತಾಗ ಗಾಳಿಗೆ ಎಡಗಣ್ಣು ಸ್ವಲ್ಪ ಒದ್ದೆಯಾಗುತ್ತೆ, ಅಷ್ಟೇ. ಅಂಗಡೀಲಿ ಕೊಕ್ಕೆಗಳಿಲ್ಲ. ಚಿಪ್ಸ್ ಪ್ಯಾಕೆಟ್ಟೆಲ್ಲ ಹಗ್ಗದ ಮೇಲೆ ಬಟ್ಟೆ ಕ್ಲಿಪ್ಪಲ್ಲಿ ನೇತಾಡ್ತಿವೆ.