ಬಾಣಂತಿಯ ಮನಸ್ಸು

ಸೇತುವೆ ಬಿರುಕು ಬಿಟ್ಟರೆ ನಾವು ಎಂಜಿನಿಯರುಗಳು ಸುಣ್ಣ ಬಳಿದು ಮುಚ್ಚುವುದಿಲ್ಲ, ಕಾರಣ ಹುಡುಕುತ್ತೇವೆ. ಬಾಣಂತಿ ಸೊಸೆ ವಾರಗಟ್ಟಲೆ ಅಳುತ್ತಿದ್ದರೆ ಮಾತ್ರ ದೃಷ್ಟಿಯಾಗಿದೆ ಎಂದು ತಾಯಿತ ಕಟ್ಟಿಸುತ್ತೇವೆ! ಅದು ಖಿನ್ನತೆ ಇರಬಹುದು, ಚಿಕಿತ್ಸೆಯಿಂದ ಗುಣವಾಗುತ್ತದೆ.

ಟೆಲಿ-ಮನಸ್‌ನ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಬಹುದು. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆದರೆ ಅತ್ತೆ ಪಕ್ಕದಲ್ಲೇ ಕುಳಿತರೆ ಸೊಸೆ ಏನು ಹೇಳಿಯಾಳು? ಆ ಹೊತ್ತು ಕೂಸನ್ನು ಎತ್ತಿಕೊಂಡು ತಾವು ಹೊರಗಿರಿ, ತಾಯಂದಿರೇ.

ಅಕ್ಕನ ಬಳಗದವರು ಜೊತೆಗೆ ಕೂತು ಕೇಳಿಸಿಕೊಂಡರೆ ಅವಳಿಗೆ ಬಲ ಬರುತ್ತದೆ, ನಿಜ. ಆದರೆ ಅದು ವೈದ್ಯರಿಗೆ ಬದಲಿಯಲ್ಲ. ಮನೋಚೈತನ್ಯ ಯೋಜನೆಯಡಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಯಾವ ಮಂಗಳವಾರವೆಂದು ಮೊದಲೇ ವಿಚಾರಿಸಿಕೊಳ್ಳಿ. ಸಾಯುವ ಮಾತಾಡಿದರೆ ಮಂಗಳವಾರಕ್ಕೆ ಕಾಯದೆ ಅಂದೇ ಜಿಲ್ಲಾಸ್ಪತ್ರೆಗೆ ಕರೆದೊಯ್ಯಿರಿ.